ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಟೀಮ್‌ವರ್ಕ್ ಕಲಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಮೆಡಿಕಲ್ ಕಾಲೇಜೊಂದರಲ್ಲಿ ಟ್ಯೂಟರ್ ಆಗಿದ್ದೇನೆ. ಸ್ಕಿಲ್ ಲ್ಯಾಬಿನಲ್ಲಿ ಮೊದಲ ವರ್ಷದವರಿಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ, ಉಸಿರು ಕೊಡುವುದು) ಹೇಳಿಕೊಡುತ್ತೇನೆ. ಹತ್ತು ಜನರ ಬ್ಯಾಚ್, ಇರೋದು ಒಂದೇ ಮ್ಯಾನಿಕಿನ್ (ಅಭ್ಯಾಸದ ಗೊಂಬೆ). ಒಬ್ಬರು ಎದೆ ಒತ್ತುತ್ತಾರೆ, ಉಳಿದವರು ಸುಮ್ನೆ ನಿಂತಿರುತ್ತಾರೆ. ಟೀಮ್‌ವರ್ಕ್ ಬಗ್ಗೆ ಬೇರೆ ಕ್ಲಾಸ್ ತಗೊಂಡೆ, ಏನೂ ಉಪಯೋಗ ಕಾಣಲಿಲ್ಲ. ಇಷ್ಟು ಬೇಗ ಇದೆಲ್ಲ ಬೇಕಾ?

ಉತ್ತರ: ಖಂಡಿತ ಬೇಕು ಮೇಡಂ. 2019ರ ಪಠ್ಯಕ್ರಮದಲ್ಲಿ ಮೊದಲ ವರ್ಷದಿಂದಲೇ ರೋಗಿಗಳ ಒಡನಾಟ, ಜೊತೆಗೆ ಎಟಿಕಾಮ್ ಅಂತ ನಡವಳಿಕೆ ಮತ್ತು ಮಾತುಕತೆಯ ಪಾಠ ಸೇರಿಸಿದ್ದೇ ಇದಕ್ಕೆ. ಆದರೆ ಬೇರೆ ಕ್ಲಾಸ್ ಬೇಡ. ಸಿಪಿಆರ್ ಒಬ್ಬರೇ ಹೆಚ್ಚು ಹೊತ್ತು ಚೆನ್ನಾಗಿ ಮಾಡುವ ಕೆಲಸವಲ್ಲ. ಒತ್ತುವವರಿಗೆ ಬೇಗ ಸುಸ್ತಾಗುತ್ತದೆ, ಆಳ ಕಡಿಮೆಯಾಗಿದ್ದು ಅವರಿಗೇ ಗೊತ್ತಾಗುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಅನ್ನೋದು ಅದಕ್ಕೇ.

ಐದು ಜನರಿಗೆ ಕೆಲಸ ಹಂಚಿ. ಒಬ್ಬರು ಒತ್ತಲಿ: ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ.ಗೆ ಕಡಿಮೆಯಿಲ್ಲದೆ, 6 ಮೀರದೆ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಇನ್ನೊಬ್ಬರು 30 ಒತ್ತಿಗೆ ಎರಡು ಸಲ, ಮುಖಕ್ಕೆ ಮಾಸ್ಕ್ ಹಿಡಿದು ಗಾಳಿಯ ಬ್ಯಾಗ್ ಒತ್ತಿ ಉಸಿರು ಕೊಡಲಿ. ಮೂರನೆಯವರು ಗಡಿಯಾರ ನೋಡುತ್ತಾ ಜೋರಾಗಿ ಎಣಿಸಲಿ. ನಾಲ್ಕನೆಯವರು ಎದುರುಗಡೆ ಮಂಡಿಯೂರಿ ಮುಂದಿನ ಸರದಿಗೆ ಸಿದ್ಧವಾಗಿರಲಿ. ಐದನೆಯವರು ಲೀಡರ್. ಕಾಲಿನ ಹತ್ತಿರ ನಿಂತು ಎಲ್ಲರನ್ನೂ ನೋಡಬೇಕು, ಏನನ್ನೂ ಮುಟ್ಟಬಾರದು. ಇದೇ ಎಲ್ಲಕ್ಕಿಂತ ಕಷ್ಟ, ಬುದ್ಧಿವಂತ ಮಕ್ಕಳ ಕೈ ತಡೆಯುವುದೇ ಇಲ್ಲ! ಉಳಿದ ಐವರಲ್ಲಿ ಒಬ್ಬೊಬ್ಬರೂ ಇವರಲ್ಲಿ ಒಬ್ಬರನ್ನೇ ಗಮನಿಸಿ ಬರೆದುಕೊಳ್ಳಲಿ. ಆಮೇಲೆ ಜಾಗ ಬದಲಾಯಿಸಿ.

ಮಾತಿನ ಅಭ್ಯಾಸವೂ ಇಲ್ಲೇ ಆಗಬೇಕು. "ಯಾರಾದ್ರೂ 108ಕ್ಕೆ ಫೋನ್ ಮಾಡಿ" ಅಂದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. "ನೀಲಿ ಶರ್ಟಿನವರೇ, ನೀವು 108ಕ್ಕೆ ಫೋನ್ ಮಾಡಿ, ಮಾಡಿ ಬಂದು ಹೇಳಿ" ಅನ್ನಬೇಕು. ಅವರು "ಸರಿ, 108ಕ್ಕೆ ಮಾಡ್ತೀನಿ" ಅನ್ನಬೇಕು, ಮುಗಿದ ಮೇಲೆ "ಮಾಡಿದೆ, ಆಂಬುಲೆನ್ಸ್ ಹೊರಟಿದೆ" ಅನ್ನಬೇಕು. ಹೇಳಿದ್ದನ್ನು ತಿರುಗಿ ಹೇಳದಿದ್ದರೆ ಕೆಲಸ ಆಯ್ತೋ ಇಲ್ವೋ ಗೊತ್ತಾಗುವುದಿಲ್ಲ. ಮುಂದೆ ವಾರ್ಡಿನಲ್ಲಿ ಔಷಧಿಯ ಡೋಸ್ ಹೇಳುವಾಗಲೂ ಇದೇ ಕ್ರಮ.

ಮರುಪ್ರಶ್ನೆ: ತುಂಬಾ ಉಪಯೋಗ ಆಯ್ತು ಸರ್. ಆದರೆ ಕೆಲವರು ಬಾಯೇ ಬಿಡುವುದಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗಂತೂ ಸಂಕೋಚ ಜಾಸ್ತಿ.

ಉತ್ತರ: ಅವರಿಗೆ ಮೊದಲು ಎಣಿಸುವ ಕೆಲಸ ಕೊಡಿ. ಹೇಳಬೇಕಾದ ಮಾತು ಮೊದಲೇ ಗೊತ್ತಿರುತ್ತದೆ, ಕನ್ನಡದಲ್ಲೇ ಎಣಿಸಲಿ. "ಎರಡು ನಿಮಿಷ ಆಯ್ತು, ಬದಲಿಸಿ" ಅಂತ ಅವರು ಹೇಳಿದಾಗ ಇಡೀ ಟೀಮ್ ಕೇಳಲೇಬೇಕು. ಆ ಧೈರ್ಯ ಬಂದ ಮೇಲೆ ಲೀಡರ್ ಮಾಡಿ.

ಇನ್ನೊಂದು ಮಾಡಿ ನೋಡಿ. "ನಾನು ಎಲ್ಲೋ ಒಂದು ಕಡೆ ಬೇಕಂತಲೇ ತಪ್ಪು ಮಾಡ್ತೀನಿ, ಕಂಡವರು ಕೂಡಲೇ ಹೇಳಿ" ಅಂತ ಮೊದಲೇ ತಿಳಿಸಿ, ನಡುವೆ ಮೇಲ್ಮೇಲೆ ಒತ್ತಿ. "ಮೇಡಂ, ಇನ್ನೂ ಆಳ ಬೇಕು" ಅಂತ ಯಾರಾದರೂ ಅಂದರೆ, ತಕ್ಷಣ ಸರಿಪಡಿಸಿಕೊಂಡು ಥ್ಯಾಂಕ್ಸ್ ಹೇಳಿ. ದೊಡ್ಡವರ ತಪ್ಪನ್ನು ಮರ್ಯಾದೆಯಿಂದ ತೋರಿಸುವುದು ನಮ್ಮ ಮಕ್ಕಳಿಗೆ ಯಾರೂ ಕಲಿಸಿರುವುದಿಲ್ಲ, ಅಲ್ವಾ? ಸಾಧ್ಯವಾದರೆ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಅದೇ ಬ್ಯಾಚಿಗೆ ಸೇರಿಸಿ. ವಾರ್ಡಿನಲ್ಲಿ ರೋಗಿಯ ಸ್ಥಿತಿ ಕೆಡುತ್ತಿರುವುದು ಎಷ್ಟೋ ಸಲ ಮೊದಲು ಕಾಣುವುದು ಸಿಸ್ಟರ್‌ಗೇ.

ಮರುಪ್ರಶ್ನೆ: ಅಂಕ ಹೇಗೆ ಕೊಡಲಿ ಸರ್?

ಉತ್ತರ: ಒತ್ತುವ ರೀತಿಗೆ ಒಬ್ಬೊಬ್ಬರಿಗೂ ಬೇರೆ ಅಂಕ. ಒತ್ತುವವರು ಬದಲಾಗುವಾಗ ಒತ್ತುವುದು 10 ಸೆಕೆಂಡಿಗಿಂತ ಜಾಸ್ತಿ ನಿಂತರೆ ಐವರಿಗೂ ಅಂಕ ಕಳೆಯಿರಿ.