ಪುಣೆಯ ಓಡಾಟಕ್ಕೂ ಊರಿನ ದಾರಿಗೂ ಕಾಂಪ್ಯಾಕ್ಟ್ ಎಸ್‌ಯುವಿ ಸರಿಹೋಗುವುದೇ?

ಪ್ರಶ್ನೆ (ಕೋಥರೂಡ್‌ನಿಂದ)

ಎಲ್ಲರಿಗೂ ನಮಸ್ಕಾರ. ನಾನು ಹದಿನಾರು ವರ್ಷಗಳಿಂದ ಪುಣೆಯಲ್ಲಿದ್ದೇನೆ. ಮನೆ ಕೋಥರೂಡ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. 2013ರಲ್ಲಿ ಕೊಂಡ ಸಣ್ಣ ಹ್ಯಾಚ್‌ಬ್ಯಾಕ್ ಕಾರು ಇನ್ನೂ ಓಡುತ್ತಿದೆ. ಆದರೆ ಈಗ ಬದಲಿಸಲೇಬೇಕೆಂದು ನಿರ್ಧರಿಸಿದ್ದೇನೆ. ನಮ್ಮ ಊರು ಧಾರವಾಡದಿಂದ ಹಳಿಯಾಳದ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕಿದೆ. ವರ್ಷಕ್ಕೆ ನಾಲ್ಕೈದು ಬಾರಿ ಹೋಗಿ ಬರುತ್ತೇವೆ. ಹೆದ್ದಾರಿಯಲ್ಲಿ ಯಾವ ತೊಂದರೆಯೂ ಇಲ್ಲ. ಕೊನೆಯ ಎರಡು ಕಿಲೋಮೀಟರ್ ಮಾತ್ರ ಗಾಡಿಹಾದಿ. ಕಳೆದ ಚೌತಿಗೆ ಹೋಗಿ ಮರಳುವಾಗ ಐದು ಜನ ಕುಳಿತಿದ್ದೆವು, ಡಿಕ್ಕಿಯಲ್ಲಿ ಅಕ್ಕಿಯ ಮೂಟೆಯೂ ತೆಂಗಿನಕಾಯಿಗಳೂ ಇದ್ದವು. ಚಕ್ಕಡಿಯ ಚಕ್ರಗಳು ಕೊರೆದ ಎರಡು ಗೀರುಗಳ ನಡುವಿನ ಕಲ್ಲಿಗೆ ಕಾರಿನ ತಳ ಬಡಿದು ಸೈಲೆನ್ಸರಿನ ಹಿಡಿಕೆ ಮುರಿಯಿತು. ಅದನ್ನು ತಂತಿಯಿಂದ ಬಿಗಿದುಕೊಂಡೇ ಪುಣೆ ಸೇರಿದೆವು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಅವ್ವನ ಕಷ್ಟ. ಎರಡು ವರ್ಷಗಳ ಹಿಂದೆ ಅವಳ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ. ನಮ್ಮ ಕಾರಿನ ಸೀಟು ತಗ್ಗಿನಲ್ಲಿರುವುದರಿಂದ ಇಳಿಯುವಾಗ ಒಂದು ಕೈಯಿಂದ ಬಾಗಿಲನ್ನೂ ಇನ್ನೊಂದರಿಂದ ನನ್ನ ಹೆಗಲನ್ನೂ ಹಿಡಿದು ಮೇಲೇಳುತ್ತಾಳೆ, ಮೊದಲ ಸಲಕ್ಕೆ ಏಳಲಾಗದೆ ಮತ್ತೆ ಕುಳಿತುಬಿಡುತ್ತಾಳೆ. ಎತ್ತರದ ಕಾರು ತೆಗೆದುಕೊಳ್ಳಬೇಕೆಂಬ ಯೋಚನೆ ಹುಟ್ಟಿದ್ದೇ ಅಲ್ಲಿಂದ.

ಆನ್‌ರೋಡ್ 12 ಲಕ್ಷದವರೆಗೆ ಹೊಂದಿಸಬಲ್ಲೆ. ಇದೇ ಹಣದಲ್ಲಿ ಒಳ್ಳೆಯ ಹ್ಯಾಚ್‌ಬ್ಯಾಕ್ ತೆಗೆದುಕೊಂಡರೆ ಎರಡು ಮೂರು ಲಕ್ಷ ಉಳಿಯುತ್ತದೆ. ತಿಂಗಳಿಗೆ ಸುಮಾರು 1,000 ಕಿ.ಮೀ. ಓಡಾಟವಿದೆ, ಅದರಲ್ಲಿ ಬಹುಪಾಲು ಚಾಂದಣಿ ಚೌಕದಿಂದ ಹಿಂಜವಡಿಯವರೆಗಿನ ವಾಹನದಟ್ಟಣೆಯಲ್ಲಿಯೇ. ಕಾಂಪ್ಯಾಕ್ಟ್ ಎಸ್‌ಯುವಿ ಇಟ್ಟುಕೊಂಡವರು ಅದರ ಅನುಕೂಲಗಳನ್ನೂ ಅನನುಕೂಲಗಳನ್ನೂ ದಯವಿಟ್ಟು ತಿಳಿಸಿ. ಡೀಸೆಲ್ ಒಳ್ಳೆಯದೋ ಪೆಟ್ರೋಲ್ ಒಳ್ಳೆಯದೋ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1 (ಚಿಂಚವಡದಿಂದ)

ನಮಸ್ಕಾರ ಸರ್. ನಾನು ಇಪ್ಪತ್ತು ವರ್ಷಗಳಿಂದ ಚಾಕಣ ಭಾಗದ ವಾಹನ ಬಿಡಿಭಾಗಗಳ ತಯಾರಿಕೆಯಲ್ಲಿದ್ದೇನೆ. ಆರು ವರ್ಷಗಳಿಂದ ಕಾಂಪ್ಯಾಕ್ಟ್ ಎಸ್‌ಯುವಿಯನ್ನೇ ಓಡಿಸುತ್ತಿದ್ದೇನೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲಿಗೆ, ಇದು ಜೀಪಿನ ಜಾತಿಯ ವಾಹನವಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೆಕ್ಸಾನ್, ಬ್ರೆಝಾ, ವೆನ್ಯೂ, ಸೋನೆಟ್ ಮುಂತಾದವೆಲ್ಲವೂ ಮುಂದಿನ ಚಕ್ರಗಳಿಂದಲೇ ಎಳೆಯುವ, ಹ್ಯಾಚ್‌ಬ್ಯಾಕಿನಂತೆಯೇ ಒಂದೇ ಕವಚದಲ್ಲಿ ಕಟ್ಟಿದ, ಆದರೆ ಎತ್ತರಿಸಿದ ಕಾರುಗಳು. ಅವುಗಳ ಉದ್ದ 4 ಮೀಟರಿನೊಳಗೆ ನಿಂತಿರುವುದಕ್ಕೆ ತೆರಿಗೆಯೇ ಕಾರಣ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದಾಗ ಉದ್ದಕ್ಕೆ 4,000 ಮಿ.ಮೀ. ಮಿತಿಯನ್ನು ಹಾಕಿದರು, ಆ ಗೆರೆ ಇಂದಿಗೂ ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಆ ಉದ್ದದೊಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಹಾಗೂ 1,500 ಸಿಸಿ ಮೀರದ ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ಶೇ. 18, ಇದನ್ನು ಮೀರಿದವುಗಳಿಗೆ ಶೇ. 40. ಬ್ರೆಝಾ 3,995 ಮಿ.ಮೀ. ಉದ್ದವಿದ್ದರೂ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ ಇರುವುದರಿಂದ ಶೇ. 40ರ ಸಾಲಿಗೆ ಸೇರುತ್ತದೆ. ಬೆಲೆ ಹೋಲಿಸುವಾಗ ಇದು ಗಮನದಲ್ಲಿರಲಿ. (ಈ ವರ್ಗದ ಮೊದಮೊದಲ ಕಾರುಗಳಲ್ಲೊಂದಾದ, 2009ರಲ್ಲಿ ಬಂದ ಪ್ರೀಮಿಯರ್ ರಿಯೊ ನಮ್ಮ ಚಿಂಚವಡದಲ್ಲೇ ತಯಾರಾಗುತ್ತಿತ್ತು. ಇಂದಿನ ನೆಕ್ಸಾನ್ ತಯಾರಾಗುವುದೂ ಇದೇ ಜಿಲ್ಲೆಯ ರಾಂಜಣಗಾವ್‌ನಲ್ಲಿ.)

ನಿಮ್ಮ ಗಾಡಿಹಾದಿಯ ವಿಷಯದಲ್ಲಿ ಲಾಭ ನಿಜವಾಗಿಯೂ ಇದೆ. ಸ್ವಿಫ್ಟ್‌ನಂಥ ಹ್ಯಾಚ್‌ಬ್ಯಾಕಿನ ತಳ ನೆಲದಿಂದ 163 ಮಿ.ಮೀ. ಎತ್ತರದಲ್ಲಿದ್ದರೆ ಬ್ರೆಝಾದ ತಳ 198 ಮಿ.ಮೀ. ಎತ್ತರದಲ್ಲಿರುತ್ತದೆ, ನೆಕ್ಸಾನ್‌ನದು 200 ಮಿ.ಮೀ. ದಾಟುತ್ತದೆ. ಕಂಪನಿಗಳು ಸಾಮಾನ್ಯವಾಗಿ ಪ್ರಕಟಿಸುವ ಅಳತೆ ಖಾಲಿ ಕಾರಿನದು. ಐದು ಜನ ಕುಳಿತು ಮೂಟೆಗಳನ್ನು ಹೇರಿದಾಗ ಸ್ಪ್ರಿಂಗುಗಳು ಕುಸಿದು ಅದು ಕಡಿಮೆಯಾಗುತ್ತದೆ. ಹಾಗಿದ್ದರೂ ಹೊರೆ ಹೊತ್ತ ಎತ್ತರದ ಕಾರು, ಹೊರೆ ಹೊತ್ತ ತಗ್ಗಿನ ಕಾರಿಗಿಂತ ಎರಡು ಬೆರಳಿನಷ್ಟಾದರೂ ಮೇಲಿರುತ್ತದೆ. ನಿಮ್ಮ ಸೈಲೆನ್ಸರ್ ಉಳಿಯಲು ಅಷ್ಟು ಸಾಕಾಗಿತ್ತು. ಆದರೆ ಮಳೆಗಾಲದ ಕೆಸರಿನಲ್ಲಿ ಮುಂದಿನ ಚಕ್ರ ಹೂತರೆ ಎಸ್‌ಯುವಿ ಎಂಬ ಹೆಸರು ಅದನ್ನು ಮೇಲೆತ್ತುವುದಿಲ್ಲ. ಅಲ್ಲಿ ಹ್ಯಾಚ್‌ಬ್ಯಾಕಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಖರ್ಚಿನ ಲೆಕ್ಕವನ್ನೂ ನೋಡೋಣ. ಹ್ಯಾಚ್‌ಬ್ಯಾಕ್ ನಗರದಲ್ಲಿ ಲೀಟರಿಗೆ 16 ಕಿ.ಮೀ. ಕೊಟ್ಟು, ಟರ್ಬೊ ಪೆಟ್ರೋಲಿನ ಎಸ್‌ಯುವಿ 12 ಕೊಟ್ಟರೆ, ತಿಂಗಳಿಗೆ 1,000 ಕಿ.ಮೀ. ಓಡಿಸುವ ನಿಮಗೆ ಸುಮಾರು 21 ಲೀಟರ್ ಹೆಚ್ಚು ಬೇಕಾಗುತ್ತದೆ. ಲೀಟರಿಗೆ 100 ರೂಪಾಯಿಯೆಂದರೂ ವರ್ಷಕ್ಕೆ ಸುಮಾರು 25,000 ರೂಪಾಯಿಯ ವ್ಯತ್ಯಾಸ. ನನ್ನ ಕಾರು ಹಿಂಜವಡಿಯ ಸಂಜೆಯ ದಟ್ಟಣೆಯಲ್ಲಿ 11ಕ್ಕಿಂತ ಮೇಲೆ ಹೋದದ್ದೇ ಇಲ್ಲ, ಹೆದ್ದಾರಿಯಲ್ಲಿ 17 ಕೊಡುತ್ತದೆ. 16 ಇಂಚಿನ ಚಕ್ರಗಳ ಅಗಲವಾದ ಟೈರುಗಳಿಗೂ ಹ್ಯಾಚ್‌ಬ್ಯಾಕಿನ ಟೈರುಗಳಿಗಿಂತ ಹೆಚ್ಚು ಕೊಡಬೇಕಾಗುತ್ತದೆ. ಟೋಲ್ ಮಾತ್ರ ಎರಡಕ್ಕೂ ಒಂದೇ. ಖೇಡ್ ಶಿವಾಪುರದಿಂದ ಹಿರೇಬಾಗೇವಾಡಿಯವರೆಗೆ ಎಲ್ಲ ನಾಕೆಗಳಲ್ಲಿಯೂ ಕಾರು ಎಂದೇ ಪರಿಗಣಿಸುತ್ತಾರೆ.

ಎತ್ತರದ ಕಾರೆಂದರೆ ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ, ಅದನ್ನು ನಾನು ಒಪ್ಪುವುದಿಲ್ಲ. 2018ರ ಡಿಸೆಂಬರ್‌ನಲ್ಲಿ, ಕಾರುಗಳನ್ನು ಅಪಘಾತದಂತೆ ಗುದ್ದಿಸಿ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರಗಳನ್ನು ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್ ಆಗಿತ್ತು, ನಿಜ. ಆದರೆ 2020ರಲ್ಲಿ ಆಲ್ಟ್ರೋಝ್ ಎಂಬ ಹ್ಯಾಚ್‌ಬ್ಯಾಕ್ ಕೂಡ ಅಷ್ಟೇ ನಕ್ಷತ್ರಗಳನ್ನು ಪಡೆಯಿತು. ಸುರಕ್ಷತೆ ಕಾರಿನ ಕಟ್ಟುವಿಕೆಯಲ್ಲಿರುತ್ತದೆ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ, ನೀವು ಆರಿಸುವ ಮಾದರಿಯ ಫಲಿತಾಂಶವನ್ನು ಅಲ್ಲಿ ನೋಡಿಕೊಳ್ಳಿ. ಎತ್ತರ ಹೆಚ್ಚಿದಂತೆ ಭಾರದ ಕೇಂದ್ರವೂ ಮೇಲೇರುವುದರಿಂದ ಖಂಬಾಟಕಿ ಘಾಟಿಯ ತಿರುವುಗಳಲ್ಲಿ ಕಾರು ಪಕ್ಕಕ್ಕೆ ವಾಲುವುದು ನಿಮಗೆ ಗೊತ್ತಾಗುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ತೆಗೆದುಕೊಳ್ಳುತ್ತಿದ್ದ ವೇಗವನ್ನೇ ಇಲ್ಲಿಯೂ ತೆಗೆದುಕೊಂಡರೆ ಹಿಂದೆ ಕುಳಿತವರಿಗೆ ವಾಕರಿಕೆ ಬರುತ್ತದೆ.

ಡೀಸೆಲ್ ನಿಮಗೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್‌6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿರುತ್ತದೆ. ಅದು ತುಂಬಿದಾಗ ಎಂಜಿನ್ ಹೊಗೆಯ ಉಷ್ಣತೆಯನ್ನು ಹೆಚ್ಚಿಸಿ ಆ ಮಸಿಯನ್ನು ಸುಡುತ್ತದೆ, ಅದಕ್ಕೆ ಸ್ವಲ್ಪ ಹೊತ್ತು ತಡೆಯಿಲ್ಲದೆ ವೇಗವಾಗಿ ಓಡಬೇಕು. ನಿಂತು ನಿಂತು ಸಾಗುವ ದಾರಿಯಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಮತ್ತೆ ಮತ್ತೆ ಹತ್ತುತ್ತದೆ. ನಮ್ಮ ಪಕ್ಕದ ಮನೆಯವರು ಎರಡು ವಾರಕ್ಕೊಮ್ಮೆ ಕೇವಲ ಆ ದೀಪ ಆರಿಸುವುದಕ್ಕಾಗಿ ಎಕ್ಸ್‌ಪ್ರೆಸ್‌ವೇಯಲ್ಲಿ ತಳೇಗಾವ್‌ವರೆಗೆ ಹೋಗಿ ಬರುತ್ತಾರೆ.

ಉತ್ತರ 2 (ಸಿಂಹಗಡ ರಸ್ತೆಯಿಂದ)

ಮೇಲಿನವರು ಕಾರಿನ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ. ನಾನು ನಿಮ್ಮ ತಾಯಿಯವರ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನಮ್ಮ ಅತ್ತೆಯವರದೂ ಇದೇ ಸ್ಥಿತಿ.

ಸೀಟು ಎತ್ತರವಿದ್ದಷ್ಟೂ ಒಳ್ಳೆಯದು ಎಂದು ನಾವೂ ಭಾವಿಸಿದ್ದೆವು. ನಿಜವಾಗಿ ನೋಡಬೇಕಾದದ್ದು ಎರಡು ಎತ್ತರಗಳನ್ನು: ಕುಳಿತುಕೊಳ್ಳುವ ಸೀಟಿನದು ಒಂದು, ಕಾಲು ದಾಟಿಸಬೇಕಾದ ಬಾಗಿಲಿನ ಹೊಸ್ತಿಲಿನದು ಇನ್ನೊಂದು. ಸೀಟು ಸೊಂಟದ ಮಟ್ಟಕ್ಕಿದ್ದರೆ ಹಿಂದಕ್ಕೆ ಸರಿದು ಕುಳಿತುಬಿಡಬಹುದು, ಮೊಣಕಾಲನ್ನು ಹೆಚ್ಚು ಮಡಿಸಬೇಕಾಗುವುದಿಲ್ಲ. ಹೊಸ್ತಿಲು ಎತ್ತರವಾಗಿದ್ದರೆ ಮಾತ್ರ, ಕುಳ್ಳಗಿರುವ ಹೆಂಗಸರು ಸೀರೆಯ ನಿರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಕಾಲನ್ನು ಮೇಲಕ್ಕೆತ್ತಬೇಕು. ಶಸ್ತ್ರಚಿಕಿತ್ಸೆಯಾದ ಕಾಲಿಗೆ ಅದು ಇಳಿಯುವ ಕಷ್ಟಕ್ಕಿಂತ ದೊಡ್ಡದು. ನಾವು ಅತ್ತೆಯವರನ್ನು ಕರೆದುಕೊಂಡು ಹೋಗದೆ ಕಾರು ಬುಕ್ ಮಾಡಿದೆವು, ಈಗ ಗಾಡಿಯಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಮಣೆ ಇರುತ್ತದೆ. ದಯವಿಟ್ಟು ಅವರನ್ನು ಶೋರೂಮಿಗೆ ಕರೆದುಕೊಂಡು ಹೋಗಿ, ಅವರು ದಿನವೂ ಉಡುವ ಸೀರೆಯಲ್ಲಿಯೇ ಹತ್ತಿಸಿ, ಇಳಿಸಿ ನೋಡಿ. ಒಮ್ಮೆ ಹತ್ತಿ ಇಳಿದರೆ ಸಾಲದು, ನಾಲ್ಕು ಬಾರಿಯಾದರೂ ಆಗಬೇಕು.

ಪಾರ್ಕಿಂಗಿನ ಬಗ್ಗೆಯೂ ಒಂದು ಮಾತು. ನಮ್ಮ ಸೊಸೈಟಿಯಲ್ಲಿ ಎರಡು ಅಂತಸ್ತಿನ ಯಾಂತ್ರಿಕ ಪಾರ್ಕಿಂಗ್ ಇದೆ. ಅದರ ಕೆಳಗಿನ ತಟ್ಟೆಯಲ್ಲಿ 1,550 ಮಿ.ಮೀ. ಎತ್ತರದವರೆಗಿನ ಕಾರುಗಳನ್ನು ಮಾತ್ರ ನಿಲ್ಲಿಸಬೇಕೆಂದು ಫಲಕವಿದೆ. ಈ ಕಾರುಗಳೆಲ್ಲ 1,600 ದಾಟುತ್ತವೆ, ಬ್ರೆಝಾ 1,685 ಇದೆ. ನಮಗೆ ಬಂದದ್ದು ಕೆಳಗಿನ ತಟ್ಟೆ, ಹಾಗಾಗಿ ಎಂಟು ತಿಂಗಳು ಕಾರನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಕೊನೆಗೆ ಒಬ್ಬರೊಡನೆ ಜಾಗ ಬದಲಿಸಿಕೊಂಡೆವು.

ಓಡಿಸುವವಳಾಗಿ ಹೇಳುವುದಾದರೆ, ದೂರದ ರಸ್ತೆ ಚೆನ್ನಾಗಿ ಕಾಣುವುದು ನನಗೆ ಬಹಳ ಧೈರ್ಯ ಕೊಟ್ಟಿದೆ. ಆದರೆ ಬಾನೆಟ್ಟಿನ ಮುಂದೆ ಹತ್ತಿರದಲ್ಲಿ ನಿಂತ ಚಿಕ್ಕ ಮಕ್ಕಳು ಕಾಣುವುದಿಲ್ಲ. ಸೊಸೈಟಿಯೊಳಗೆ ನಾನು ಗಾಡಿ ತೆಗೆಯುವ ಮುನ್ನ ಸುತ್ತ ಒಮ್ಮೆ ನಡೆದು ಬರುತ್ತೇನೆ.

ಉತ್ತರ 3 (ವಾಕಡ್‌ನಿಂದ)

ನಾನು ನಾಲ್ಕು ವರ್ಷ ಕಾಂಪ್ಯಾಕ್ಟ್ ಎಸ್‌ಯುವಿ ಇಟ್ಟುಕೊಂಡು, ಮಾರಿ, ಮತ್ತೆ ಹ್ಯಾಚ್‌ಬ್ಯಾಕಿಗೆ ಮರಳಿದವನು. ಮನೆಯಲ್ಲಿ ನಾವಿಬ್ಬರೇ, ಹಳ್ಳಿಯ ದಾರಿಯೂ ಇಲ್ಲ. ಪೇಟೆಗಳ ಗಲ್ಲಿಗಳಲ್ಲಿ ಆ ಅಗಲವೇ ನನಗೆ ಹೊರೆಯಾಯಿತು. ನಿಮ್ಮ ಸಂದರ್ಭ ಬೇರೆ.

ಮುಂದೊಂದು ದಿನ ಊರಿಗೇ ಮರಳುವ ಯೋಚನೆಯಿದ್ದರೆ ನೋಂದಣಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿನ ತೆರಿಗೆ 10 ಲಕ್ಷದವರೆಗೆ ಶೇ. 11, ಅಲ್ಲಿಂದ 20 ಲಕ್ಷದವರೆಗೆ ಶೇ. 12. ಡೀಸೆಲ್‌ಗೆ ಇನ್ನೂ ಎರಡು ಹೆಚ್ಚು. ಇಲ್ಲಿನ ಸಂಖ್ಯೆಯ ಕಾರನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು. ಕರ್ನಾಟಕದ ತೆರಿಗೆ ಇಲ್ಲಿಗಿಂತ ಹೆಚ್ಚು. ಕಾರಿನ ಬೆಲೆ ಹೆಚ್ಚಿದಷ್ಟೂ ಆ ದಿನ ಕಟ್ಟಬೇಕಾದ ಮೊತ್ತವೂ ಹೆಚ್ಚುತ್ತದೆ. ನಾನು ಈ ಅಂಶವನ್ನು ಯೋಚಿಸದೆ ಕೊಂಡಿದ್ದೆ.

ಉತ್ತರ 4 (ಹಡಪಸರದಿಂದ)

ಡೀಸೆಲ್ ಬೇಡವೆಂಬ ಮಾತು ಪ್ರಶ್ನೆ ಕೇಳಿದವರಿಗೆ ಸರಿ, ಆದರೆ ಎಲ್ಲರಿಗೂ ಅನ್ವಯಿಸುವುದಿಲ್ಲ. ನಾನು ವ್ಯಾಪಾರದ ನಿಮಿತ್ತ ಪ್ರತಿ ವಾರ ಸೊಲ್ಲಾಪುರದ ಮೂಲಕ ವಿಜಯಪುರಕ್ಕೆ ಹೋಗಿ ಬರುತ್ತೇನೆ. ನನ್ನ ಡೀಸೆಲ್ ಎಸ್‌ಯುವಿ ಲೀಟರಿಗೆ 20 ಕಿ.ಮೀ. ಕೊಡುತ್ತದೆ, ಎಚ್ಚರಿಕೆಯ ದೀಪ ಮೂರು ವರ್ಷಗಳಲ್ಲಿ ಒಮ್ಮೆಯೂ ಹತ್ತಿಲ್ಲ. ಹೆದ್ದಾರಿಯ ಓಟವೇ ಹೆಚ್ಚಿರುವವರು ಹೆದರಬೇಕಾಗಿಲ್ಲ.

ಪ್ರಶ್ನೆ ಕೇಳಿದವರು (ಕೋಥರೂಡ್‌ನಿಂದ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಟೇಪು ಹಿಡಿದು ಪಾರ್ಕಿಂಗಿನ ಅಳತೆ ತೆಗೆದೆ. ನಮ್ಮದು ಹಳೆಯ ಸೊಸೈಟಿ, ಯಂತ್ರಗಳಿಲ್ಲ. ಎರಡು ಕಂಬಗಳ ನಡುವೆ 2.4 ಮೀಟರ್ ಜಾಗವಿದೆ. 1.8 ಮೀಟರ್ ಅಗಲದ ಕಾರನ್ನು ನಡುವೆ ನಿಲ್ಲಿಸಿದರೆ ಪ್ರತಿ ಬದಿಗೆ ಒಂದಡಿಯಷ್ಟೇ ಉಳಿಯುತ್ತದೆ, ಅಷ್ಟರಲ್ಲಿ ಅವ್ವ ಇಳಿಯಲಾರಳು. ಅವಳನ್ನು ಲಿಫ್ಟಿನ ಎದುರಿಗೇ ಇಳಿಸಿ ಅನಂತರ ಕಾರು ಒಳಗೆ ತರಬೇಕು.

ಸಿಂಹಗಡ ರಸ್ತೆಯ ಅಕ್ಕ ಹೇಳಿದಂತೆ ಭಾನುವಾರ ಅವಳನ್ನು ಎರಡು ಶೋರೂಮುಗಳಿಗೆ ಕರೆದುಕೊಂಡು ಹೋಗಿದ್ದೆ. ಮೊದಲನೆಯ ಕಾರಿನಲ್ಲಿ ಸೀಟು ಸರಿಯಾಗಿತ್ತು, ಆದರೆ ಹೊಸ್ತಿಲು ದಾಟಿಸಲು ಕಾಲನ್ನು ಕೈಯಿಂದ ಎತ್ತಿಕೊಳ್ಳಬೇಕಾಯಿತು. ಎರಡನೆಯದರಲ್ಲಿ ತಾನಾಗಿಯೇ ಕುಳಿತು, ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡು, ಮತ್ತೆ ಇಳಿದು ನಿಂತು, "ಇದರಾಗ ಕುಂತು ಏಳೂದು ಸಲೀಸ ಐತಿ, ಮೊಣಕಾಲ ಎಳಿಯೂದಿಲ್ಲ" ಎಂದಳು. ನನ್ನ ಹೆಗಲನ್ನು ಅವಳು ಹಿಡಿಯಲಿಲ್ಲ.

ಹೀಗಾಗಿ ಪೆಟ್ರೋಲಿನ ಕಾಂಪ್ಯಾಕ್ಟ್ ಎಸ್‌ಯುವಿಯನ್ನೇ ತೆಗೆದುಕೊಳ್ಳುತ್ತೇವೆ. ವರ್ಷದ 25,000 ರೂಪಾಯಿಯನ್ನು ಅವಳ ಅನುಕೂಲಕ್ಕೆ ಕೊಡುವ ಹಣವೆಂದು ಭಾವಿಸುತ್ತೇನೆ. ಊರಿಗೆ ಮರಳುವುದು ನಿವೃತ್ತಿಯ ಅನಂತರದ ಮಾತು, ಅಷ್ಟರಲ್ಲಿ ಈ ಕಾರಿನ ಆಯುಷ್ಯವೂ ಮುಗಿದಿರುತ್ತದೆ. ಬುಕ್ ಮಾಡುವ ಮೊದಲು ಇನ್ನೊಂದು ಟೆಸ್ಟ್ ಡ್ರೈವ್ ಕೇಳಿದ್ದೇನೆ: ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ ಇಟ್ಟುಕೊಂಡು, ಹಳೆಯ ಕಾತ್ರಜ್ ಘಾಟಿಯನ್ನು ಹತ್ತಿ ಇಳಿದು ಬರುವುದಕ್ಕೆ ಶೋರೂಮಿನವರು ಒಪ್ಪಿದ್ದಾರೆ.