ಕಬ್ಬಿನ ಲಾರಿಗೆ ಹಿಂಬದಿ ಕ್ಯಾಮೆರಾ ಹಾಕಿಸುವುದು ಸೂಕ್ತವೇ?

ಪ್ರಶ್ನೆ:
ಮುಧೋಳದ ಸುತ್ತಮುತ್ತ ಕಬ್ಬು ಸಾಗಿಸುವ ಹತ್ತು ಚಕ್ರದ ಲಾರಿ ನನ್ನದು. ರಾತ್ರಿ ಕಾರ್ಖಾನೆಯ ಅಂಗಳದಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ, ಎರಡೂ ಬದಿಗೆ ಚಾಚಿದ ಕಬ್ಬು ಕನ್ನಡಿಗಳನ್ನೇ ಮರೆಮಾಡುತ್ತದೆ; ಹಿಂದೆ ಕಬ್ಬು ಕಡಿಯುವ ಗ್ಯಾಂಗಿನವರ ಮಕ್ಕಳು ಇದ್ದರೆ ಎಂಬ ಭಯ ನನ್ನನ್ನು ಬಿಡುವುದಿಲ್ಲ. ಕ್ಯಾಮೆರಾದಿಂದ ಪ್ರಯೋಜನವಾಗುವುದೇ?

ಉತ್ತರ, ಬಾಗಲಕೋಟೆಯಿಂದ:
ಖಂಡಿತ ಆಗುತ್ತದೆ, ಆದರೆ ಕಾರಿನ ಕ್ಯಾಮೆರಾ ತರಬೇಡಿ. ಕಾರಿನ ವಿದ್ಯುತ್ ವ್ಯವಸ್ಥೆ 12 ವೋಲ್ಟಿನದು, ಭಾರಿ ಲಾರಿಗಳದ್ದು ಸಾಮಾನ್ಯವಾಗಿ 24 ವೋಲ್ಟಿನದು; ಹೊಂದದ ಉಪಕರಣ ಸುಟ್ಟುಹೋಗುತ್ತದೆ. ನಮ್ಮ ಎರೆಮಣ್ಣಿನ ದೂಳು, ಕೆಸರು, ಗಾಡಿ ತೊಳೆಯುವ ನೀರಿನ ರಭಸ ಇವೆಲ್ಲವನ್ನೂ ತಡೆಯಬೇಕಾದ್ದರಿಂದ ಐಪಿ69ಕೆ ದರ್ಜೆಯದನ್ನೇ ಕೇಳಿ. ಉದ್ದನೆಯ ಕಬ್ಬಿಣದ ಚಾಸಿಯಲ್ಲಿ ತಂತಿರಹಿತ ಸಂಕೇತ ದುರ್ಬಲವಾಗಬಹುದಾದ್ದರಿಂದ, ತಂತಿಯ ಸಂಪರ್ಕವೇ ನಂಬಿಕೆಗೆ ಯೋಗ್ಯ ಎಂಬುದು ನನ್ನ ಅಭಿಪ್ರಾಯ. ಕತ್ತಲಿಗೆ ಇನ್‌ಫ್ರಾರೆಡ್ ದೀಪಗಳಿರಲಿ.

ಉತ್ತರ, ಜಮಖಂಡಿಯಿಂದ:
ಕ್ಯಾಮೆರಾ ಎಲ್ಲಿರಬೇಕೆಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಮೇಲೆ ಕೂರಿಸಿದರೆ ಹಿಂದಕ್ಕೆ ಜೋತುಬಿದ್ದ ಕಬ್ಬಿನ ತುದಿಗಳಷ್ಟೇ ಕಾಣುತ್ತವೆ. ಆದ್ದರಿಂದ ನಂಬರ್ ಫಲಕದ ಬಳಿ, ಕಬ್ಬಿನ ಹೊರೆಗಿಂತ ಕೆಳಗೆ, ಕಬ್ಬಿಣದ ರಕ್ಷಣಾ ಪಟ್ಟಿಯೊಂದಿಗೆ ಅಳವಡಿಸಿ. ಪರದೆಯ ಚಿತ್ರ ಕನ್ನಡಿಯಂತೆ ಎಡ ಬಲ ತಿರುಗಿದೆಯೇ ಎಂದು ಮೊದಲ ದಿನವೇ ಪರೀಕ್ಷಿಸಿರಿ.

ಉತ್ತರ, ವಿಜಯಪುರದಿಂದ:
ವಿಶಾಲ ಕೋನದ ಮಸೂರದಲ್ಲಿ ವಸ್ತುಗಳು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತವೆ. ಆದುದರಿಂದ ಗಾಡಿಯ ಹಿಂದೆ ಒಂದು, ಎರಡು, ಮೂರು ಮೀಟರಿಗೆ ಸುಣ್ಣದ ಗೆರೆ ಎಳೆದು, ಅವು ಪರದೆಯಲ್ಲಿ ಎಲ್ಲಿ ಕಾಣುತ್ತವೆಂದು ಗುರುತು ಹಾಕಿಕೊಳ್ಳಿ. ಅಂಗಳದಲ್ಲಿ ಮಾತ್ರ, ಕ್ಯಾಮೆರಾ ಇದ್ದರೂ, ಕ್ಲೀನರ್ ಇಳಿದು ನಿಲ್ಲಲೇಬೇಕು.