ಆಪರೇಷನ್ ಹಿಂದಿನ ರಾತ್ರಿಯ ಗಾಬರಿ: ವಾರ್ಡ್‌ನಲ್ಲಿ ಏನು ನೋಡಬೇಕು, ಏನು ಮಾತಾಡಬೇಕು?

ನೈಟ್ ಡ್ಯೂಟಿ (ಪ್ರಶ್ನೆ)

30 ಬೆಡ್‌ನ ಸರ್ಜಿಕಲ್ ವಾರ್ಡ್, ರಾತ್ರಿ ಇಬ್ಬರೇ ಸ್ಟಾಫ್. ಮರುದಿನದ ಓಟಿ (ಆಪರೇಷನ್ ಥಿಯೇಟರ್) ಲಿಸ್ಟ್‌ನಲ್ಲಿರುವವರಲ್ಲಿ ಒಬ್ಬಿಬ್ಬರಿಗಾದರೂ ಹನ್ನೊಂದು ಗಂಟೆಯ ಮೇಲೆ ಶುರುವಾಗುತ್ತದೆ: ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಕೈಕಾಲು ಜೋಮು. ಬಿಪಿ 160/100, ಪಲ್ಸ್ 110. "ಏನೂ ಆಗಲ್ಲ, ಮಲಗಿ" ಅಂತ ಹೇಳಿ ಬಂದರೆ ಹತ್ತು ನಿಮಿಷಕ್ಕೆ ಅಟೆಂಡರ್ (ಪೇಷಂಟ್ ಜೊತೆಗಿರುವ ಮನೆಯವರು) ಮತ್ತೆ ಕೌಂಟರ್ ಮುಂದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ "ಟೆನ್ಷನ್ ಇರಬೇಕು, ಅಲ್ಪ್ರಜೊಲಾಮ್ (ಆತಂಕ ಇಳಿಸೋ ಮಾತ್ರೆ) 0.25 ಮಿ.ಗ್ರಾಂ ಕೊಡಿ".

ಬರೀ ಆತಂಕ ಅಂತ ಒಪ್ಪಿಕೊಳ್ಳುವ ಮೊದಲು ಏನೇನು ನೋಡಬೇಕು? ಕೈಯಲ್ಲಿರೋ ಐದು ನಿಮಿಷದಲ್ಲಿ ಏನು ಮಾತಾಡಬೇಕು? ಆ ಬಿಪಿಗೆ ಬೆಳಿಗ್ಗೆ ಕೇಸ್ ಮುಂದಕ್ಕೆ ಹೋಗುತ್ತಾ?

ಹಳೇ ಇನ್‌ಚಾರ್ಜ್

ಸಿಸ್ಟರ್, ಮೊದಲನೆಯದಕ್ಕೇ ಹೆಚ್ಚು ಬರೀತೀನಿ, ಯಾಕೆಂದರೆ ಎಡವೋದು ಅಲ್ಲೇ. "ಆತಂಕ" ಅನ್ನೋ ಪದ ಕೇಸ್ ಶೀಟ್‌ಗೆ ಬಿದ್ದ ಮೇಲೆ ಆ ಪೇಷಂಟ್ ಕಡೆ ಯಾರೂ ಸರಿಯಾಗಿ ತಿರುಗಿ ನೋಡಲ್ಲ. ಫೋನ್ ಎತ್ತುವ ಮೊದಲು ನಾಲ್ಕು ನಿಮಿಷ ಬೆಡ್ ಹತ್ತಿರ ಕಳೆಯಿರಿ.

ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಹಾಗೇ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಗಾಬರಿಯಾದವರ ಉಸಿರು ಒಂದೇ ಸಮ ಇರಲ್ಲ. ಸ್ಯಾಚುರೇಷನ್ 94ಕ್ಕಿಂತ ಕೆಳಗಿದ್ದರೆ ಅದನ್ನು ಆತಂಕ ಅಂತ ಬರೆಯೋ ಹಾಗಿಲ್ಲ. ಬರೀ ಗಾಬರಿಗೆ ಆಮ್ಲಜನಕ ಇಳಿಯಲ್ಲ. ಉಸಿರು ಜೋರಾದರೆ ಅದು 98, 99 ತೋರಿಸುತ್ತದೆ.

ಆಮೇಲೆ ಜಿಆರ್‌ಬಿಎಸ್, ಅಂದರೆ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಪರೀಕ್ಷೆ. ಸಂಜೆ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಗೊಂಡು, ನಾಳೆ ಆಪರೇಷನ್ ಅನ್ನೋ ಚಿಂತೆಯಲ್ಲಿ ಊಟ ಅರ್ಧ ಬಿಟ್ಟವರು ಪ್ರತಿ ಲಿಸ್ಟ್‌ನಲ್ಲೂ ಸಿಗುತ್ತಾರೆ. ಬೆವರು, ನಡುಕ, ಡವಡವ ಎಲ್ಲ ಒಂದೇ ಥರ. 70ಕ್ಕಿಂತ ಕಡಿಮೆ ಬಂದರೆ ಅದಕ್ಕೆ ಮೊದಲು ಚಿಕಿತ್ಸೆ. ನಿಲ್ ಬೈ ಮೌತ್ (ಬಾಯಿಗೆ ಏನೂ ಕೊಡಬಾರದ ಹೊತ್ತು) ಶುರುವಾಗಿದ್ದರೆ ಬಾಯಿಗೆ ಸಕ್ಕರೆ ಹಾಕೋ ಮೊದಲು ಡಾಕ್ಟರಿಗೆ ಹೇಳಿ, ಡೆಕ್ಸ್ಟ್ರೋಸ್ (ರಕ್ತನಾಳಕ್ಕೆ ಕೊಡೋ ಸಕ್ಕರೆ ದ್ರಾವಣ) ಆರ್ಡರ್ ತಗೊಳ್ಳಿ.

ಎದೆ ನೋವು, ಎಡಗೈ ಅಥವಾ ದವಡೆ ಸೆಳೆತ, ತಣ್ಣನೆ ಬೆವರು ಇದ್ದರೆ ಇಸಿಜಿ ತೆಗೆಯಿರಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು "ಗ್ಯಾಸ್ಟ್ರಿಕ್ ಆಗಿದೆ, ಜೀವಕ್ಕೆ ಹೇಗೋ ಆಗ್ತಿದೆ" ಅಂದರೂ ತೆಗೆಯಿರಿ. ಒಂದು ಪೇಪರ್ ವೇಸ್ಟ್ ಆದರೆ ಆಗಲಿ.

ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ. ಪ್ರಾಸ್ಟೇಟ್ ತೊಂದರೆ ಇರುವವರು, ಸ್ಪೈನಲ್ (ಬೆನ್ನಿಗೆ ಸೂಜಿ ಹಾಕಿ ಕೊಡೋ ಅನಸ್ತೇಷಿಯಾ) ಆಗಿ ಬಂದವರು ಮೂತ್ರ ಕಟ್ಟಿಕೊಂಡು ಹೊರಳಾಡುತ್ತಾರೆ, ಬಿಪಿ ಏರುತ್ತದೆ. ಆದರೆ ಬಾಯಿಬಿಟ್ಟು "ಮೂತ್ರ ಕಟ್ಟಿದೆ" ಅನ್ನಲ್ಲ. ಅದರಲ್ಲೂ ಸಿಸ್ಟರ್ ಹತ್ತಿರ ಗಂಡಸರು ಹೇಳೋದೇ ಇಲ್ಲ.

ಡ್ರಗ್ ಚಾರ್ಟ್‌ನಲ್ಲಿ ಕಳೆದ ಎರಡು ಗಂಟೆ ನೋಡಿ. ಉಬ್ಬಸಕ್ಕೆ ಸಾಲ್ಬುಟಮಾಲ್ ನೆಬ್ಯುಲೈಸೇಷನ್ ಆದಮೇಲೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ವಾಂತಿಗೆ ಮೆಟೊಕ್ಲೋಪ್ರಮೈಡ್ 10 ಮಿ.ಗ್ರಾಂ ಬೇಗ ಪುಷ್ ಮಾಡಿದ್ದರೆ ಪೇಷಂಟ್ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ, ಕಾಲು ಆಡಿಸುತ್ತಲೇ ಇರುತ್ತಾನೆ. ಅದು ಮನಸ್ಸಿನದಲ್ಲ, ಮದ್ದಿನದು. ಅದಕ್ಕೇ ಆ ಇಂಜೆಕ್ಷನ್ ಕನಿಷ್ಠ 3 ನಿಮಿಷ ತಗೊಂಡು ಕೊಡಬೇಕು.

ಕೊನೆಗೆ ಕುಡಿತ. ಅಡ್ಮಿಟ್ ಆದ ಮೊದಲ ದಿನವೇ, ಕೊನೆಯ ಕುಡಿತದಿಂದ 6ರಿಂದ 24 ಗಂಟೆಯೊಳಗೆ, ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಬಾಯಿ ತಪ್ಪಿ ಮಾತಾಡೋದು, ಇಲ್ಲದ್ದು ಕಾಣೋದು 48ರಿಂದ 72 ಗಂಟೆಯ ಹೊತ್ತಿಗೆ. ಹೆಂಡತಿ ಪಕ್ಕದಲ್ಲಿರುವಾಗ "ಕುಡಿತೀರಾ?" ಅಂದರೆ ಉತ್ತರ "ಇಲ್ಲ ಸಿಸ್ಟರ್". ಅವರನ್ನು ಬಿಸಿನೀರು ತರೋಕೆ ಕಳಿಸಿ, "ಕೊನೇ ಸಲ ತಗೊಂಡಿದ್ದು ಯಾವಾಗ?" ಅಂತ ಕೇಳಿ. ತಗೋತೀರಿ ಅಂತ ನಮಗೆ ಗೊತ್ತು, ಬೈಯಲ್ಲ ಅನ್ನೋ ದನಿಯಲ್ಲಿ. ಇವರಿಗೆ 0.25 ಕೊಟ್ಟು ಮಲಗಿಸಿದರೆ ಸಾಲದು. ಡಾಕ್ಟರಿಗೆ ಆಗಲೇ ಗೊತ್ತಾಗಬೇಕು, ಅನಸ್ತೇಷಿಯಾದವರಿಗೂ ಗೊತ್ತಾಗಬೇಕು.

ಥೈರಾಯ್ಡ್ ಆಪರೇಷನ್ ಆಗಿ ಬಂದವರು ತುಟಿ ಸುತ್ತ, ಬೆರಳ ತುದಿ ಜುಮ್ ಅನ್ನುತ್ತೆ ಅಂದರೆ ಅದನ್ನು ಗಾಬರಿ ಅಂತ ತಳ್ಳಿಹಾಕಲೇಬೇಡಿ. ಕ್ಯಾಲ್ಸಿಯಂ ಇಳಿದಿರಬಹುದು, ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ. ತಕ್ಷಣ ಡಾಕ್ಟರಿಗೆ ತಿಳಿಸಿ, ಸ್ಯಾಂಪಲ್ ಕಳಿಸಿ.

ಮನೋನರ್ಸಿಂಗ್ ಟ್ಯೂಟರ್

ಹಳೇ ಇನ್‌ಚಾರ್ಜ್ ಮೇಡಂ ಹೇಳಿದ್ದು ಮುಗಿದ ಮೇಲಷ್ಟೇ ನನ್ನದು ಓದಿ.

"ಏನೂ ಆಗಲ್ಲ" ಅನ್ನೋ ಮಾತು ಕೆಲಸ ಮಾಡದಿರೋದಕ್ಕೆ ಕಾರಣ ಇದೆ. ಅದು ಸಮಾಧಾನದ ಹಾಗೆ ಕಂಡರೂ ಪೇಷಂಟ್ ಕಿವಿಗೆ "ನಿನ್ನ ಮಾತು ಸಾಕು" ಅಂತ ಬೀಳುತ್ತದೆ. ಅವರಿಗೆ ಇರೋ ಭಯ ಯಾವುದು ಅಂತ ಕೇಳೋ ಮೊದಲೇ ಉತ್ತರ ಕೊಟ್ಟಾಯಿತು. "ಹರ್ನಿಯಾ ಏನು ಮಹಾ, ದಿನಾ ಹತ್ತು ಮಾಡ್ತಾರೆ" ಅನ್ನೋದೂ ಅದೇ ಜಾತಿ.

ಸ್ಟೂಲ್ ಎಳೆದು ಕೂತುಕೊಳ್ಳಿ. ನಿಂತು ಹತ್ತು ನಿಮಿಷ ಮಾತಾಡೋದಕ್ಕಿಂತ ಕೂತು ಮೂರು ನಿಮಿಷ ಮಾತಾಡೋದು ಮೇಲು. ಕೈಯಲ್ಲಿ ಫೈಲ್ ಬೇಡ. ಹೆಸರಿನ ಜೊತೆ ಅವರ ಸೀಮೆಯ ಮರ್ಯಾದೆಯ ಮಾತು ಸೇರಿಸಿ ಕರೆಯಿರಿ, "ಅಜ್ಜಾರೆ", "ಅಮ್ಮಾ", "ಅಣ್ಣಾ". "ಬೆಡ್ ನಂಬರ್ 12" ಅಂತ ಅವರ ಎದುರಿಗೆ ಕೂಗಬೇಡಿ. ಮಾತು ಹೀಗೆ ಸಾಗಲಿ:

"ನಿದ್ದೆ ಬರ್ತಿಲ್ವಾ ಅಮ್ಮಾ? ನಾಳೆಯದನ್ನ ನೆನೆಸ್ಕೊಂಡ್ರೆ ಯಾವುದು ಜಾಸ್ತಿ ಕಾಡುತ್ತೆ?"
"ಏನಿಲ್ಲ ಸಿಸ್ಟರ್... ಎದೆ ಹೊಡ್ಕೊಳ್ತಿದೆ."
(ಇಲ್ಲಿ ಸುಮ್ಮನಿರಿ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ.)
"ಬೆನ್ನಿಗೆ ಸೂಜಿ ಹಾಕಿದ್ರೆ ಆಮೇಲೆ ಕಾಲೇ ಏಳಲ್ವಂತೆ. ಪಕ್ಕದ ಬೆಡ್‌ನೋರು ಹೇಳಿದ್ರು."

ಆ ಹತ್ತು ಎಣಿಕೆಯ ಮೌನದಲ್ಲಿ ನಿಜವಾದ ಭಯ ಹೊರಗೆ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಮೂರನೇ ಸೆಕೆಂಡಿಗೇ ಬಾಯಿ ಹಾಕುತ್ತೇವೆ. ಬಂದ ಮೇಲೆ ಅದನ್ನೇ ತಿರುಗಿಸಿ ಹೇಳಿ: "ಕಾಲು ಬಿದ್ದುಹೋಗುತ್ತೇನೋ ಅಂತ ಭಯ ಆಗಿದೆ, ಅಲ್ವಾ?" ಆಮೇಲೆ ಮಾಹಿತಿ. ಆಮೇಲೆ ಅವರ ಬಾಯಿಂದಲೇ ಕೇಳಿ: "ಬೆಳಿಗ್ಗೆ ನಿಮ್ಮ ಮಗಳು ಕೇಳಿದ್ರೆ ಏನಂತ ಹೇಳ್ತೀರಿ?" "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ.

"ನಿಮಗೆ ಆತಂಕ ಇದೆಯಾ?" ಅಂತ ಯಾರನ್ನೂ ಕೇಳಬೇಡಿ, ಅದು ಪುಸ್ತಕದ ಮಾತು. ಮೈಸೂರು ಕಡೆ "ಗಾಬರಿ", "ಟೆನ್ಷನ್" ಅಂತಾರೆ, ಧಾರವಾಡದ ಕಡೆಯವರು "ಎದಿ ಹಾರಾಕತ್ತೈತ್ರಿ, ಜೀವಕ್ಕ ಸಮಾಧಾನಿಲ್ರಿ" ಅಂತಾರೆ. ಅವರ ಪದವನ್ನೇ ಎತ್ತಿಕೊಳ್ಳಿ.

ಅಳೆಯೋದಕ್ಕೆ ಜಿಎಡಿ-7 ಅನ್ನೋ ಆತಂಕದ ಪ್ರಶ್ನಾವಳಿ ಫಾರ್ಮ್ ಹಿಡಿಯುವವರಿದ್ದಾರೆ. ಅದು ಕಳೆದ ಎರಡು ವಾರದ್ದನ್ನು ಕೇಳುತ್ತದೆ, ಇವತ್ತು ರಾತ್ರಿಯದನ್ನಲ್ಲ. ಆಪರೇಷನ್ ಮುಂಚಿನ ಭಯಕ್ಕೇ ಅಂತ 1996ರಲ್ಲಿ ಬಂದ ಆಮ್‌ಸ್ಟರ್‌ಡ್ಯಾಮ್ ಮಾಪಕದಲ್ಲಿ ಆರೇ ಪ್ರಶ್ನೆ: ನಾಲ್ಕು ಭಯದ್ದು, ಎರಡು "ಇನ್ನೂ ತಿಳಿಯಬೇಕಾ" ಅನ್ನೋದು. ಪ್ರತಿಯೊಂದಕ್ಕೂ 1ರಿಂದ 5. ವಾರ್ಡ್‌ಗೆ ಅಷ್ಟೂ ಬೇಡ ಅನ್ನಿಸಿದರೆ ಸೊನ್ನೆಯಿಂದ ಹತ್ತು ಸಾಕು. ವಯಸ್ಸಾದವರಿಗೆ "ರೂಪಾಯಿಗೆ ಎಷ್ಟಾಣೆ ಭಯ?" ಅಂತ ಕೇಳಿ, "ಹನ್ನೆರಡಾಣೆ" ಅಂತ ಥಟ್ಟನೆ ಹೇಳುತ್ತಾರೆ. ಅರ್ಧ ಗಂಟೆ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳಿ, ಎರಡನ್ನೂ ಬರೆಯಿರಿ.

ಇನ್ನು ಉಸಿರು. "ಜೋರಾಗಿ ಉಸಿರು ಎಳ್ಕೊಳ್ಳಿ" ಅನ್ನಬೇಡಿ. ಗಾಬರಿಯಲ್ಲಿ ಅವರು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತಿದ್ದಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದೇ ಬೆರಳು ಜೋಮು ಹಿಡಿಯೋದು. ತೀರಾ ಇಳಿದರೆ ಬೆರಳುಗಳು ಕೂಡಿಕೊಂಡು ಕೊಕ್ಕಿನ ಹಾಗೆ ಸೆಟೆಯುತ್ತವೆ, ಮನೆಯವರು ಲಕ್ವಾ ಅಂತ ಕಿರುಚುತ್ತಾರೆ. ಆಳವಾದ ಉಸಿರು ಬೇಡ, ನಿಧಾನದ ಉಸಿರು ಬೇಕು. ಬಿಡೋದು ಎಳೆಯೋದಕ್ಕಿಂತ ಉದ್ದ ಇರಬೇಕು: ಮೂಗಲ್ಲಿ ನಾಲ್ಕು ಎಣಿಕೆ, ತುಟಿ ಸಣ್ಣಗೆ ಮಾಡಿ ಬಿಸಿ ಕಾಫಿ ಆರಿಸೋ ಹಾಗೆ ಆರು ಎಣಿಕೆ. ನಿಮಿಷಕ್ಕೆ 30 ಉಸಿರಾಡುತ್ತಿರುವವರಿಗೆ ಒಮ್ಮೆಗೇ ನಾಲ್ಕು-ಆರು ಆಗಲ್ಲ. ಎರಡು-ಮೂರರಿಂದ ಶುರು ಮಾಡಿ, ನಿಮ್ಮ ಉಸಿರು ಅವರಿಗೆ ಕೇಳಿಸೋ ಹಾಗೆ ಜೊತೆಗೇ ಮಾಡಿ, ಅವರ ಅಂಗೈ ಅವರದೇ ಹೊಟ್ಟೆ ಮೇಲಿರಲಿ. ಐದು ನಿಮಿಷ. ಪೇಪರ್ ಕವರ್ ಮುಖಕ್ಕೆ ಹಿಡಿಯೋ ಹಳೇ ಪದ್ಧತಿ ಬಿಟ್ಟುಬಿಡಿ, ನಿಜವಾದ ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಆಮ್ಲಜನಕ ಇಳಿದು ಅಪಾಯ.

ತೀರಾ ಕೈಮೀರಿದಾಗ, ಅಂದರೆ ನರ್ಸಿಂಗ್ ತಜ್ಞೆ ಪೆಪ್ಲೌ ಹೇಳಿದ ಆತಂಕದ ನಾಲ್ಕು ಹಂತಗಳಲ್ಲಿ ಕೊನೆಯದಾದ ಪ್ಯಾನಿಕ್, ವಿವರಣೆ ಕೊಡಬೇಡಿ. ಆ ಹೊತ್ತಿಗೆ ಒಂದು ಮಾತೂ ಒಳಗೆ ಹೋಗಲ್ಲ. ಮೂರು ನಾಲ್ಕು ಪದದ ವಾಕ್ಯ ಸಾಕು: "ನಾನು ಇಲ್ಲೇ ಇದ್ದೀನಿ. ಬಿಡಿ... ನಿಧಾನ." ಸುತ್ತ ನಿಂತ ಆರು ಜನರಲ್ಲಿ ಐದು ಜನರನ್ನು ಹೊರಗೆ ಕಳಿಸಿ. ಪ್ಯಾನಿಕ್ ಹತ್ತು ನಿಮಿಷದ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅರ್ಧ ಗಂಟೆಯಾದರೂ ಹಾಗೇ ಇದ್ದರೆ ಹಳೇ ಇನ್‌ಚಾರ್ಜ್ ಮೇಡಂ ಪಟ್ಟಿಗೆ ವಾಪಸ್ ಹೋಗಿ.

ಓಟಿ ಬಾಗಿಲು

ಮೂರನೇ ಪ್ರಶ್ನೆಗೆ: ಬರೀ 160/100ಕ್ಕೆ ಕೇಸ್ ಬಿಡೋದು ಸಾಮಾನ್ಯವಾಗಿ ಇಲ್ಲ. 180/110 ಮತ್ತು ಮೇಲೆ ಬಂದರೆ ಅನಸ್ತೇಷಿಯಾದವರು ಯೋಚನೆ ಮಾಡುತ್ತಾರೆ, ತೀರ್ಮಾನ ಅವರದು. ಆದರೆ ಆ ರೀಡಿಂಗ್ ಸರಿ ಇರಬೇಕಲ್ಲ? ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಬಿಪಿ ಸುಳ್ಳೇ ಮೇಲೆ ಹೋಗುತ್ತದೆ. ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40 ಪರ್ಸೆಂಟ್ ಇರಬೇಕು. ಮೂತ್ರ ಮಾಡಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡಿಸದೆ ಮತ್ತೆ ನೋಡಿ. ಎರಡೂ ರೀಡಿಂಗ್ ಬರೆಯಿರಿ. ಮೊದಲನೆಯದನ್ನು ಒರೆಸಿಹಾಕಬೇಡಿ.

ಸ್ಪೈನಲ್ ಬಗ್ಗೆ ಟ್ಯೂಟರ್ ಮೇಡಂ "ಆಮೇಲೆ ಮಾಹಿತಿ" ಅಂದರಲ್ಲ, ಆ ಮಾಹಿತಿ ಇದು. "ಬೆನ್ನು ಬಾಗಿಸಿ ಕೂರಿಸ್ತಾರೆ ಅಥವಾ ಮಗ್ಗುಲಾಗಿ ಮಲಗಿಸ್ತಾರೆ. ತಣ್ಣಗಿನ ಔಷಧಿ ಒರೆಸ್ತಾರೆ. ಇರುವೆ ಕಚ್ಚಿದ ಹಾಗಾಗುತ್ತೆ, ಆಗ ಅಲ್ಲಾಡಬೇಡಿ. ಕಾಲು ಬೆಚ್ಚಗಾಗಿ, ಭಾರವಾಗಿ, ನಿಮ್ಮದಲ್ಲ ಅನ್ನಿಸುತ್ತೆ. ಮುಟ್ಟಿದ್ದು, ಎಳೆದಿದ್ದು ಗೊತ್ತಾಗಬಹುದು. ನೋವಾದ್ರೆ ಹೇಳಿ, ತಲೆ ಹತ್ತಿರ ಅನಸ್ತೇಷಿಯಾ ಡಾಕ್ಟರ್ ಇರ್ತಾರೆ. ಮಧ್ಯೆ ಪರದೆ ಇರುತ್ತೆ, ಏನೂ ಕಾಣಲ್ಲ, ಸದ್ದು ಕೇಳುತ್ತೆ. ಮುಗಿದ ಮೇಲೆ ಚಳಿ ಬಂದು ನಡುಗಬಹುದು. ಎರಡು-ಮೂರು ಗಂಟೆಗೆ ಕಾಲು ನಿಧಾನ ವಾಪಸ್ ಬರುತ್ತೆ." ಕಾಲು ವಾಪಸ್ ಬರೋದು ಗೊತ್ತಿಲ್ಲದವರು ರಿಕವರಿಯಲ್ಲಿ ಅಲುಗದ ಕಾಲು ನೋಡಿ ಕೂಗಿಕೊಳ್ಳುತ್ತಾರೆ. ಹಿಂದಿನ ರಾತ್ರಿ ಹೇಳಿದ್ದರೆ ಅದೇ ಕಾಲನ್ನು ನೋಡಿಕೊಂಡು ಕಾಯುತ್ತಾರೆ.

ಇನ್ನೊಂದು, ಹಸಿವು-ಬಾಯಾರಿಕೆಯೂ ಗಾಬರಿ ಏರಿಸುತ್ತದೆ. ಮಧ್ಯಾಹ್ನ 1 ಗಂಟೆಯ ಮೂರನೇ ಕೇಸನ್ನೂ ರಾತ್ರಿ ಹತ್ತರಿಂದ ನೀರಿಲ್ಲದೆ ಇಡೋದು ಅಭ್ಯಾಸಬಲ ಅಷ್ಟೆ. ಹೊಟ್ಟೆ ಖಾಲಿಯಾಗೋದು ತಡವಾಗುವವರನ್ನು, ಎಮರ್ಜೆನ್ಸಿ ಕೇಸನ್ನು ಬಿಟ್ಟರೆ ಲಘು ಊಟಕ್ಕೆ 6 ಗಂಟೆ, ತಿಳಿ ದ್ರವಕ್ಕೆ 2 ಗಂಟೆ ಸಾಕು. ತಿಳಿ ದ್ರವ ಅಂದರೆ ನೀರು, ಹಾಲಿಲ್ಲದ ಟೀ. ಮಜ್ಜಿಗೆ, ಗಂಜಿ ಲೆಕ್ಕಕ್ಕಿಲ್ಲ. ಸಂಜೆಯೇ ಅನಸ್ತೇಷಿಯಾದವರನ್ನು ಕೇಳಿ ಪ್ರತಿ ಬೆಡ್‌ಗೂ ಬೇರೆ ಬೇರೆ ಟೈಮ್ ಬರೆಸಿಕೊಳ್ಳಿ.

ನೈಟ್ ಡ್ಯೂಟಿ

ತುಂಬಾ ಥ್ಯಾಂಕ್ಸ್. ಎಲ್ಲಾ ನೋಡಿ, ಮಾತಾಡಿ, ಉಸಿರು ಮಾಡಿಸಿ, ಆದರೂ ಮಾತ್ರೆ ಕೊಡಬೇಕಾಗಿ ಬಂದರೆ? ಕೆಲವರು ಕನ್ಸೆಂಟ್‌ಗೆ (ಆಪರೇಷನ್ ಒಪ್ಪಿಗೆ ಪತ್ರಕ್ಕೆ) ಬೆಳಿಗ್ಗೆ ಸಹಿ ಹಾಕ್ತೀವಿ ಅಂತ ಬಿಟ್ಟಿರುತ್ತಾರೆ.

ಹಳೇ ಇನ್‌ಚಾರ್ಜ್

ಒಳ್ಳೇ ಕಡೆ ಕೈ ಇಟ್ಟಿರಿ. ಮಾತ್ರೆಯ ಮೊದಲು ಕನ್ಸೆಂಟ್. ಮಂಪರಿನಲ್ಲಿ ಹಾಕಿದ ಸಹಿಗೆ ಬೆಲೆ ಇಲ್ಲ. ಸಹಿ ತಡೆದಿರೋದೇ ಭಯದ ಗುರುತೂ ಇರಬಹುದು, ಸರ್ಜನ್ ಅಥವಾ ಡ್ಯೂಟಿ ಡಾಕ್ಟರ್ ಬಂದು ಮಾತಾಡಲಿ, ನಾವು "ಇಲ್ಲಿ ಸೈನ್ ಹಾಕಿ" ಅಂತ ಒತ್ತಾಯಿಸೋದು ಬೇಡ.

ಆರ್ಡರ್ ಫೋನಲ್ಲಿ ಬಂದರೆ ತಿರುಗಿ ಓದಿ ಹೇಳಿ, ಬರೆದು, ಆಮೇಲೆ ಡಾಕ್ಟರ್ ಸಹಿ ತಗೊಳ್ಳಿ. ಉಬ್ಬಸದವರು, ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಲ್ಲುವವರು, ಈಗಾಗಲೇ ಟ್ರಮಡಾಲ್ ಥರದ ನೋವಿನ ಇಂಜೆಕ್ಷನ್ ಹೋದವರು ಇದ್ದರೆ ಅದನ್ನು ಕೇಳೋ ಮೊದಲೇ ನೀವೇ ಹೇಳಿಬಿಡಿ. ವಯಸ್ಸಾದವರಲ್ಲಿ ಈ ಮಾತ್ರೆ ಉಲ್ಟಾ ಹೊಡೆದು ಗೊಂದಲ, ಗಲಾಟೆ ಆಗೋದೂ ಉಂಟು. ಕೊಟ್ಟ ಮೇಲೆ ಸೈಡ್ ರೈಲ್ ಮೇಲಕ್ಕೆ, ಬಾತ್‌ರೂಮಿಗೆ ಒಬ್ಬರೇ ಹೋಗುವ ಹಾಗಿಲ್ಲ ಅಂತ ಅಟೆಂಡರಿಗೂ ಹೇಳಿ. ಅರ್ಧ ಗಂಟೆಗೆ, ಒಂದು ಗಂಟೆಗೆ ಉಸಿರು ಎಣಿಸಿ. 10ಕ್ಕಿಂತ ಕಡಿಮೆ ಆದರೆ ಎಬ್ಬಿಸಿ, ಆಕ್ಸಿಜನ್ ಹಚ್ಚಿ, ಡಾಕ್ಟರನ್ನು ಕರೆಯಿರಿ.

ಬರೆಯುವಾಗ "ಪೇಷಂಟ್ ಆಂಕ್ಷಿಯಸ್, ರಿಅಶ್ಯೂರ್ಡ್" ಅಂತ ಮೂರೇ ಪದ ಗೀಚಬೇಡಿ. ಹೀಗೆ ಬರೆದರೆ ಬೆಳಗಿನವರಿಗೆ ಉಪಯೋಗ: "ರಾತ್ರಿ 11.20: ಎದೆ ಡವಡವ, ಜೋಮು. ಪಲ್ಸ್ 112, ಬಿಪಿ 160/100, ಉಸಿರು 28, ಸ್ಯಾಚುರೇಷನ್ 99, ಜಿಆರ್‌ಬಿಎಸ್ 118, ಇಸಿಜಿ ಡಾಕ್ಟರ್ ನೋಡಿದ್ದಾರೆ. ಸ್ಪೈನಲ್‌ನಿಂದ ಕಾಲು ಬಿದ್ದುಹೋಗುತ್ತದೆಂಬ ಭಯ, ಹನ್ನೆರಡಾಣೆ. ವಿವರಿಸಲಾಗಿದೆ, ಉಸಿರಾಟ 5 ನಿಮಿಷ. 11.50: ಪಲ್ಸ್ 88, ಬಿಪಿ 140/90, ಉಸಿರು 18, ನಾಲ್ಕಾಣೆ. ಮಾತ್ರೆ ಬೇಡವೆಂದರು. ಓಟಿಗೆ ತಿಳಿಸುವುದು."

ಮನೋನರ್ಸಿಂಗ್ ಟ್ಯೂಟರ್

ಆ ಕೊನೆಯ ಎರಡು ಪದ ಮರೀಬೇಡಿ, ಓಟಿಯಲ್ಲಿ ಅದೇ ಭಯವನ್ನು ಅವರು ಮೊದಲಿಂದ ಹೇಳಬೇಕಾಗಬಾರದು. ಮತ್ತೆ, ಆಪರೇಷನ್‌ಗೆ ಸಂಬಂಧವೇ ಇಲ್ಲದೆ ತಿಂಗಳುಗಟ್ಟಲೆ ಹೀಗೇ ಇದೆ ಅಂತ ಗೊತ್ತಾದರೆ ಡಿಸ್‌ಚಾರ್ಜ್ ಕಾರ್ಡ್ ಮೇಲೆ ಟೆಲಿ-ಮಾನಸ್ ನಂಬರ್ 14416 ಬರೆದುಕೊಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು-ರಾತ್ರಿ ಇರುತ್ತದೆ. ಬದುಕೋದೇ ಬೇಡ ಅನ್ನೋ ಮಾತು ಬಂದರೆ ಮಾತ್ರ ಕಾರ್ಡ್‌ಗೆ ಕಾಯಬೇಡಿ, ಅದೇ ಪಾಳಿಯಲ್ಲಿ ಡಾಕ್ಟರಿಗೆ ಹೇಳಿ, ಅವರನ್ನು ಒಬ್ಬರೇ ಬಿಡಬೇಡಿ.